ಜಡ್ಜಮ್ಮನ ಸಾಕ್ಷಿ

ಜೂನ್ 3

ಏ ಜಡ್ಜಮ್ಮ,

ಅಪ್ಪ ಕಾಗದ ಬರೆದಿದ್ದಾನೆ ಎಂದು ನೀನು ನಗುತ್ತೀಯ, ಗೊತ್ತು. ಲಿಫ್ಟಿನ ರಿಪೇರಿ ಚೀಟಿ ಬಿಟ್ಟರೆ ನಾನು ಏನನ್ನೂ ಬರೆದವನಲ್ಲ. ಆದರೆ ವಕೀಲರು ಫೋನ್ ಮುಟ್ಟಬೇಡಿ ಎಂದಿದ್ದಾರೆ. "ನೀವು ಹಲೋ ಅಂದ್ರೂ ಆಕೆ ಅದನ್ನ ರೆಕಾರ್ಡ್ ಮಾಡ್ಕೊಂಡು, ಬೆದರಿಕೆ ಹಾಕಿದ್ರು ಅಂತ ತರ್ತಾರೆ" ಅಂದರು. ನಿನ್ನ ಫೋನನ್ನು ನಿಮ್ಮಮ್ಮ ದಿನಾ ನೋಡುತ್ತಾಳೆ ಎಂದು ನೀನೇ ಹೇಳಿದ್ದೆ. ಅದಕ್ಕೇ ನಿನ್ನ ಪಾರ್ಸೆಲ್ ಆಫೀಸಿನ ವಿಳಾಸಕ್ಕೆ ಇದು. ಓದಿದ ಮೇಲೆ ಸುಟ್ಟುಹಾಕು.

ನಾನೂ ನಿಮ್ಮಮ್ಮನೂ ಬೇರೆಯಾಗುವುದು ಮುಗಿದ ಮಾತು. ಮದುವೆಯಾದಾಗಿನಿಂದ ನಾವಿಬ್ಬರೂ ತಕರಾರಿಲ್ಲದೆ ಒಪ್ಪಿದ ಮೊದಲ ಸಂಗತಿ ಅದೇ ಇರಬೇಕು. ಉಳಿದಿರುವುದು ಒಂದೇ, ಚಿಲ್ಟು ಯಾರ ಮನೆಯಲ್ಲಿ ಇರಬೇಕು ಎನ್ನುವುದು. ಅವನು ನನಗೆ ಬೇಕು. ಅವನಿಗೂ ನಾನೇ ಬೇಕು. ಎಂಟು ವರ್ಷದ ಹುಡುಗನ ಮಾತನ್ನು ಕೋರ್ಟು ಕೇಳಿಸಿಕೊಳ್ಳುತ್ತದಂತೆ, ಆದರೆ ಅದನ್ನೇ ನೆಚ್ಚಿಕೊಂಡು ತೀರ್ಮಾನ ಮಾಡುವುದಿಲ್ಲವಂತೆ. ದೊಡ್ಡವರು ಯಾರಾದರೂ ಹೇಳಬೇಕು.

ನೀನು ಹೇಳು. ಸಂಜೆ ಪಾಳಿಗೆ ಹೊರಡುವ ಮುಂಚೆ ನಿಮ್ಮಮ್ಮ ಅವನಿಗೆ ಕೆಮ್ಮಿನ ಸಿರಪ್ ಕುಡಿಸುತ್ತಾಳೆ, ಕೆಮ್ಮು ಇರಲಿ ಬಿಡಲಿ, ತಾನು ಬರುವ ತನಕ ಹುಡುಗ ಮಲಗಿರಲಿ ಎಂದು. ಇದನ್ನು ನನಗೆ ಹೇಳಿದವಳು ನೀನು. ಅದನ್ನೇ ಅಲ್ಲಿ ಹೇಳು, ಸಾಕು. ಒಂದು ಅಕ್ಷರ ಜಾಸ್ತಿ ಬೇಡ.

ನಿನಗೆ ಇದೇನು ಹೊಸದಲ್ಲ. ಆರು ವರ್ಷದವಳಿದ್ದಾಗಿನಿಂದ ನಮ್ಮ ಜಗಳಗಳನ್ನೆಲ್ಲ ತೀರ್ಮಾನಿಸಿದವಳು ನೀನು. ಸ್ಟೂಲಿನ ಮೇಲೆ ನಿಲ್ಲಿಸಿ "ಯಾರದು ತಪ್ಪು, ಹೇಳು" ಅಂದರೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನನ್ನ ತಪ್ಪಿದ್ದಾಗ ಅಪ್ಪನದೇ ಎಂದೆ. ನಾನು ಗೊಣಗಿಕೊಂಡೇ ಒಪ್ಪಿಕೊಂಡೆ. ನನ್ನ ಮಗಳು ಸುಳ್ಳು ಹೇಳಲ್ಲ ಸಾರ್ ಎಂದು ವಕೀಲರಿಗೆ ಎದೆ ತಟ್ಟಿಕೊಂಡು ಹೇಳಿದೆ. ಅವರು ಪೆನ್ನಿನ ಮುಚ್ಚಳ ಕಚ್ಚುತ್ತಾ, "ಹಾಗಾದ್ರೆ ಇನ್ನೊಂದ್ಸಲ ಯೋಚನೆ ಮಾಡಿ" ಅಂದರು. ಯಾಕೆ ಹಾಗಂದರೋ.

ನಿನ್ನ ಅಪ್ಪ


ಜೂನ್ 9

ಅಪ್ಪಾ,

ಸುಡಲಿಲ್ಲ. ಇದು ಯಾರದು ಎಂದು ಯಾರಾದರೂ ಕೇಳಿದರೆ ಅಪ್ಪನದು ಎನ್ನುತ್ತೇನೆ. ಆದ್ದರಿಂದ ಮುಂದೆ ಬರೆಯುವಾಗ ನೋಡಿಕೊಂಡು ಬರೆ.

ನಿನಗೊಂದು ವಿಷಯ ಗೊತ್ತಿಲ್ಲ. ಅಮ್ಮನೂ ನನ್ನ ಹೆಸರನ್ನೇ ಕೊಟ್ಟಿದ್ದಾಳೆ. ಮೊನ್ನೆ ಆಸ್ಪತ್ರೆಯ ಲಾಂಡ್ರಿಯಿಂದ ಬಂದವಳು ಚಪ್ಪಲಿ ಕೂಡ ಬಿಚ್ಚದೆ ಕೇಳಿದಳು: "ಲಿಫ್ಟಿನ ವಿಷಯ ಹೇಳ್ತೀಯ ತಾನೇ?"

"ಹೇಳ್ತೀನಿ. ಸಿರಪ್ಪಿನ ವಿಷಯನೂ ಹೇಳ್ತೀನಿ."

"ಅದ್ಯಾಕೆ? ಅದನ್ನ ಕೇಳಿದವರು ಯಾರು?"

"ಅಪ್ಪ."

ಅಮ್ಮ ಗೋಡೆಗೆ ಒರಗಿ ನಿಂತಳು. ಪಾಳಿಯಿಡೀ ಇಸ್ತ್ರಿಯ ಬಿಸಿ ರೋಲರ್ ಮುಂದೆ ನಿಂತು ಅವಳ ಮುಖ ಕೆಂಪಾಗಿರುತ್ತದೆ, ಆದ್ದರಿಂದ ಸಿಟ್ಟು ಬಂದದ್ದು ಗೊತ್ತಾಗುವುದಿಲ್ಲ. "ಇನ್ನೇನು ಮಾಡ್ಲಿ ನಾನು? ಎದ್ದಿದ್ರೆ ಗ್ಯಾಸ್ ಹಚ್ತಾನೆ, ಬಾಲ್ಕನಿ ಹತ್ತುತಾನೆ. ನೀನೇನು ಮನೇಲಿರ್ತೀಯಾ? ಕಾಲಿಗೆ ಚಕ್ರ ಕಟ್ಕೊಂಡವಳು" ಅಂದಳು. ಅದೂ ನಿಜ. ಬೇಕರಿ ಬಿಟ್ಟೆ, ಚಪ್ಪಲಿ ಅಂಗಡಿ ಬಿಟ್ಟೆ, ಈಗ ಪಾರ್ಸೆಲ್ ಹೊತ್ತು ಊರೆಲ್ಲ ಸುತ್ತುತ್ತೇನೆ. ಸಂಜೆ ಹೊತ್ತು ಮನೆಯಲ್ಲಿ ಇರುವುದು ಅಪರೂಪ.

ಕೋರ್ಟಿನ ಕೌನ್ಸೆಲರ್ ಮನೆ ನೋಡಲು ಬಂದಿದ್ದರು. ಅಮ್ಮ ಹೊಸ ಬೆಡ್‌ಶೀಟ್ ಹಾಸಿದ್ದಳು. ಆ ಹೆಂಗಸು ಅದರ ಕಡೆ ನೋಡಲೇ ಇಲ್ಲ. ಚಿಲ್ಟುವಿನ ಹಲ್ಲುಜ್ಜುವ ಬ್ರಷ್ ಎಲ್ಲಿದೆ ಎಂದರು. ಅವನ ಸ್ಕೂಲ್ ಬ್ಯಾಗು ತೆಗೆದು ನೋಡಿದರು. ಕ್ಲಾಸ್ ಟೀಚರ್ ಯಾರು ಎಂದು ಅಮ್ಮನನ್ನು ಕೇಳಿದರೆ ಅವಳು ಹೋದ ವರ್ಷದವರ ಹೆಸರು ಹೇಳಿದಳು. ತಲೆ ಬಾಚುವವರು ಯಾರು ಎಂದು ಅವನನ್ನು ಕೇಳಿದರು. "ಯಾರೂ ಇಲ್ಲ, ನಾನೇ ನೀರು ಹಚ್ಕೋತೀನಿ" ಅಂದ. ಕೌನ್ಸೆಲರ್ ನಗುತ್ತಾರೆ ಎಂದುಕೊಂಡೆ. ಬರೆದುಕೊಂಡರು.

ನನ್ನನ್ನೂ ಕೇಳಿದರು. "ಓದ್ತಾ ಇದ್ದೀಯಾ?"

"ಬಿಟ್ಟೆ."

"ಯಾಕೆ?"

"ಒಂದೇ ಕಡೆ ಕೂತ್ಕೊಳ್ಳೋಕೆ ಆಗ್ಲಿಲ್ಲ."

ಅದನ್ನೂ ಬರೆದುಕೊಂಡರು. ಕೇಸಿನ ಕಾಗದಗಳನ್ನು ಅಮ್ಮನ ಬ್ಯಾಗಿನಲ್ಲಿ ನೋಡಿದೆ. ನಿನ್ನದರಲ್ಲೂ ಅವಳದರಲ್ಲೂ ಚಿಲ್ಟುವಿನ ಬಗ್ಗೆ ಪುಟಗಟ್ಟಲೆ ಇದೆ. ನನ್ನ ಬಗ್ಗೆ ಒಂದೇ ಸಾಲು, ಪ್ರಾಪ್ತ ವಯಸ್ಸಿನ ಮಗಳೊಬ್ಬಳಿದ್ದಾಳೆ ಎಂದು. ನಾನು ಯಾರಿಗೆ ಬೇಕು ಎಂದು ಯಾರೂ ಅರ್ಜಿ ಹಾಕಿಲ್ಲ. ಇರಲಿ.

ನಾನು ಎರಡನ್ನೂ ಹೇಳುತ್ತೇನೆ ಅಪ್ಪಾ. ಅಮ್ಮನ ಸಿರಪ್ಪನ್ನೂ, ನಿನ್ನ ಭಾನುವಾರಗಳನ್ನೂ. ಅವನನ್ನು ಕೆಲಸಕ್ಕೆ ಕರೆದುಕೊಂಡು ಹೋಗುತ್ತೀಯ. ಲಿಫ್ಟಿನ ಡಬ್ಬಿಯ ನೆತ್ತಿಯ ಮೇಲೆ ನಿಲ್ಲಿಸಿ ಕೈಗೆ ಟಾರ್ಚು ಕೊಡುತ್ತೀಯ. ಸುತ್ತಲೂ ಹಗ್ಗ, ಗ್ರೀಸು, ಕತ್ತಲು. ನಿನ್ನ ಕೈ ಹೋಗದ ಸಂದಿಗೆ ಅವನ ಕೈ ಹೋಗುತ್ತದೆ ಎಂದು ನೀನೇ ನನ್ನ ಮುಂದೆ ಹೆಮ್ಮೆಪಟ್ಟಿದ್ದೆ. ಆಮೇಲೆ ಬೆನ್ನಿಗೆ ಚೂರಿ ಹಾಕಿದಳು ಎನ್ನಬೇಡ, ಮೊದಲೇ ತಿಳಿಸುತ್ತಿದ್ದೇನೆ. ಇಬ್ಬರೂ ಈಗಲೇ ಅದನ್ನು ಬಿಟ್ಟು, ಬಿಟ್ಟಿದ್ದೇವೆ ಎಂದು ನೀವೇ ಹೇಳಿದರೆ ನಾನು ಹೇಳುವುದಕ್ಕೇನೂ ಉಳಿಯುವುದಿಲ್ಲ. ಅಮ್ಮನಿಗೂ ಇದನ್ನೇ ಹೇಳಿದೆ. ನಿನ್ನಪ್ಪ ಮೊದಲು ಹೇಳಲಿ ಅಂದಳು.

ಮಗಳು


ಜೂನ್ 14

ನೀನು ಹುಚ್ಚಿ.

ಲಿಫ್ಟನ್ನೂ ಸಿರಪ್ಪನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತೀಯಲ್ಲ, ನಿನಗೆ ಬುದ್ಧಿ ಇದೆಯಾ? ಅವಳು ಹುಡುಗನನ್ನು ಮಲಗಿಸುತ್ತಾಳೆ. ನಾನು ಅವನಿಗೆ ಕೆಲಸ ಕಲಿಸುತ್ತೇನೆ. ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ಲಿಫ್ಟಾದರೂ ಜಾರಿದೆಯಾ? ಅವನನ್ನೇ ಕೇಳು, ಭಾನುವಾರ ಯಾವಾಗ ಬರುತ್ತದೆ ಎಂದು ಕಾಯುತ್ತಾನೆ. ಅವನ ಸಂತೋಷವನ್ನು ಕೋರ್ಟಿಗೆ ಒಯ್ದು ಕೊಲ್ಲಬೇಕಾ?

ನಾನು ಮೊದಲು ಒಪ್ಪಿಕೊಳ್ಳಬೇಕಂತೆ. ಅವಳು ಹೇಳಲಿ, ಆಮೇಲೆ ನೋಡೋಣ.

ಜಡ್ಜು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು ಎಂದು ವಕೀಲರು ನಿನಗೆ ಹೇಳಲು ಹೇಳಿದರು. ಲಿಫ್ಟ್ ಎಂಬ ಪದವನ್ನು ಅವರು ಎತ್ತದಿದ್ದರೆ ನೀನೂ ಎತ್ತಬೇಡ. ಅದು ಸುಳ್ಳಲ್ಲ. ಬಾಯಿ ಮುಚ್ಚಿಕೊಂಡಿರುವುದು ಸುಳ್ಳು ಹೇಗಾಗುತ್ತದೆ?

ಅಪ್ಪ


ಜುಲೈ 2

ಅಪ್ಪಾ,

ನಿನ್ನೆ ಕಾರಿಡಾರಿನಲ್ಲಿ ನೀನು ನನಗೆ ಬೆನ್ನು ಮಾಡಿ ನಿಂತೆ. ಜಡ್ಜಿನ ಕೋಣೆಯೊಳಗೆ ನಾನು ಹೇಳಿದ್ದನ್ನು ವಕೀಲರು ನಿನಗೆ ತಮ್ಮ ರುಚಿಗೆ ತಕ್ಕಂತೆ ಹೇಳಿರುತ್ತಾರೆ. ನನ್ನ ಬಾಯಿಂದಲೇ ಕೇಳು.

ಸಣ್ಣ ಕೋಣೆ. ಮೇಜಿನ ಮೇಲೆ ಒಂದು ಆಟದ ರೈಲು, ಅದರ ಒಂದು ಚಕ್ರ ಇಲ್ಲ. ಎಷ್ಟು ಮಕ್ಕಳ ಕೈ ಹಾದಿತ್ತೋ. ಚಿಲ್ಟು ನನಗಿಂತ ಮೊದಲು ಒಳಗೆ ಹೋಗಿ ಬಂದಿದ್ದ. "ಅಮ್ಮ ಬೇಕಾ ಅಪ್ಪ ಬೇಕಾ ಅಂತ ಕೇಳ್ಲೇ ಇಲ್ಲ ಅಕ್ಕ. ಬೆಳಿಗ್ಗೆ ಯಾರು ಎಬ್ಬಿಸ್ತಾರೆ, ಸ್ಕೂಲಲ್ಲಿ ನಿದ್ದೆ ಯಾಕೆ ಬರತ್ತೆ ಅಂತ ಕೇಳಿದ್ರು" ಅಂದ. ಲಿಫ್ಟಿನ ಮೇಲೆ ನಿಂತದ್ದನ್ನು ತಾನೇ ಖುಷಿಯಾಗಿ ಹೇಳಿಬಿಟ್ಟಿದ್ದಾನೆ, ಕೈಯಲ್ಲಿ ಆಕ್ಷನ್ ಮಾಡಿ ತೋರಿಸಿ. ನಾನು ಬಾಯಿ ಮುಚ್ಚಿಕೊಂಡಿದ್ದರೂ ನಿನಗೇನೂ ಸಿಗುತ್ತಿರಲಿಲ್ಲ.

ಜಡ್ಜು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಇಬ್ಬರೂ ನಿನ್ನನ್ನೇ ಸಾಕ್ಷಿ ಅಂತ ಕೊಟ್ಟಿದ್ದಾರೆ. ಇಂಥದ್ದನ್ನ ನಾನು ನೋಡಿಲ್ಲಮ್ಮ. ಯಾರ ಪರವಾಗಿ ಬಂದಿದ್ದೀಯ?"

"ಇಬ್ಬರೂ ಕರೆದ್ರು, ಬಂದೆ."

ಎಲ್ಲ ಹೇಳಿದೆ. ಕೇಳಿ ಮುಗಿಸಿ, "ಅವನು ಎಲ್ಲಿರ್ಬೇಕು ಅಂತ ನಿನಗನ್ಸತ್ತೆ?" ಅಂದರು.

"ಅಮ್ಮನ ಹತ್ರ, ಸಿರಪ್ ಇಲ್ದೆ. ಭಾನುವಾರ ಅಪ್ಪನ ಹತ್ರ, ಲಿಫ್ಟ್ ಇಲ್ದೆ."

"ಅವರು ಅದನ್ನ ಬಿಡ್ತಾರಾ?"

"ನಾನು ಬಿಡಿ ಅಂದೆ. ಬಿಡ್ಲಿಲ್ಲ."

ನನ್ನ ಈ ಒಂದು ಮಾತಿನಿಂದಲೇ ಎಲ್ಲ ಆಯಿತು ಎಂದು ನನಗೆ ಗೊತ್ತು. ಆದರೆ ಆಮೇಲೆ ನಿಮ್ಮಿಬ್ಬರನ್ನೂ ಒಳಗೆ ಕರೆದು ಕೇಳಿದರಲ್ಲ? ಅಮ್ಮ ಡಾಕ್ಟರೇ ಬರೆದುಕೊಟ್ಟ ಔಷಧಿ ಎಂದಳು. ನೀನು ಹುಡುಗ ಕೆಳಗೆ ಕುರ್ಚಿಯಲ್ಲಿ ಕೂತಿರುತ್ತಿದ್ದ ಎಂದೆ. ಒಬ್ಬರಾದರೂ ಹೌದು ಎಂದಿದ್ದರೆ ಅವನು ಈಗ ಅವರ ಮನೆಯಲ್ಲಿರುತ್ತಿದ್ದ. ಮಗುವಿನ ಹಿತ ಇಬ್ಬರ ಹತ್ತಿರವೂ ಸದ್ಯಕ್ಕೆ ಕಾಣುವುದಿಲ್ಲ ಎಂದು ಬರೆದು, ಮುಂದಿನ ವಿಚಾರಣೆಯ ತನಕ ನಿನ್ನ ಅಕ್ಕನ ಮನೆಗೆ ಹಾಕಿದರು. ಭಾನುವಾರ ಹೋಗಿ ನೋಡಿಕೊಂಡು ಬರಬಹುದಂತೆ.

ಹಾಸ್ಟೆಲ್ ವಾರ್ಡನ್ ಆಗಿ ನಿವೃತ್ತಿಯಾದ ಅತ್ತೆ ಕೋರ್ಟಿಗೆ ಕೊಡೆ, ನೀರಿನ ಬಾಟಲಿ, ಬಸ್ಸಿನ ಟೈಮ್‌ಟೇಬಲ್ ಹಿಡಿದುಕೊಂಡು ಬಂದಿದ್ದರು. ಚಿಲ್ಟು ಬೆಂಚಿನ ಕಾಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ನಾನು. ನೀವಿಬ್ಬರೂ ಆಗ ಹೊರಗೆ ಹೋಗಿಬಿಟ್ಟಿದ್ದಿರಿ.

ಮನೆಗೆ ಹೋದರೆ ಮೆಟ್ಟಿಲ ಮೇಲೆ ನನ್ನ ಬಟ್ಟೆಗಳಿದ್ದವು. ಅಮ್ಮ ಎಲ್ಲಕ್ಕೂ ಇಸ್ತ್ರಿ ಹಾಕಿ, ಅಂಚಿಗೆ ಅಂಚು ಸೇರಿಸಿ ಮಡಚಿ ಇಟ್ಟಿದ್ದಳು. ಬಾಗಿಲು ಬಡಿದೆ, ತೆಗೆಯಲಿಲ್ಲ. ಈಗ ಪಾರ್ಸೆಲ್ ಗೋಡೌನಿನ ಮೇಲಿನ ಕೋಣೆಯಲ್ಲಿದ್ದೇನೆ, ಅಲ್ಲಿ ಕೆಲಸ ಮಾಡುವ ಹುಡುಗಿಯರ ಜೊತೆ.

ಮಗಳು


ಜುಲೈ 20

ಹುಡುಗ ಆರೋಗ್ಯವಾಗಿದ್ದಾನೆ. ತೂಕ ಹೆಚ್ಚಿದೆ. ಹೊಸ ಶಾಲೆಯಲ್ಲಿ ನಿದ್ದೆ ಮಾಡುವುದಿಲ್ಲ.

ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ. ಆ ಬೆಡ್‌ಶೀಟನ್ನು ಅವನ ಕೈಯಲ್ಲೇ ತೊಳೆಸುತ್ತೇನೆ. ಇದು ಶಿಕ್ಷೆಯಲ್ಲ, ಕ್ರಮ. ನನ್ನ ಹಾಸ್ಟೆಲಿನಲ್ಲೂ ಹಾಗೇ ಇತ್ತು.

ನನ್ನ ಮನೆಯಲ್ಲಿ ಮಕ್ಕಳ ಕೈಗೆ ಫೋನ್ ಕೊಡುವುದಿಲ್ಲ. ನೀನು ಅವನಿಗೆ ಕಾಗದ ಬರೆಯಬಹುದು. ಬರುವ ಕಾಗದ, ಹೋಗುವ ಕಾಗದ ಎರಡನ್ನೂ ನಾನು ಓದುತ್ತೇನೆ. ಇದನ್ನು ಮೊದಲೇ ತಿಳಿಸಿದ್ದೇನೆ.

ನಿನ್ನ ಅತ್ತೆ


ಆಗಸ್ಟ್ 5

ಪ್ರೀತಿಯ ಅಕ್ಕ,

ನಾನು ಚೆನ್ನಾಗಿದ್ದೇನೆ, ನೀನು ಚೆನ್ನಾಗಿದ್ದೀಯಾ? ಹೀಗೆ ಬರೆದು ಶುರು ಮಾಡಬೇಕು ಅಂತ ಅತ್ತೆ ಹೇಳಿದರು. ನಾನು ಚೆನ್ನಾಗಿಲ್ಲ.

ಇಲ್ಲಿ ಕುರ್ಚಿಗಳಿಗೂ ರಬ್ಬರ್ ಚಪ್ಪಲಿ ಹಾಕಿದ್ದಾರೆ, ಸದ್ದಾಗಬಾರದು ಅಂತ. ನಾನು ಮೆಟ್ಟಿಲ ಮೇಲೆ ಓಡಿದರೆ ಮತ್ತೆ ಕೆಳಗೆ ಹೋಗಿ ನಿಧಾನ ಹತ್ತಿ ಬರಬೇಕು. ಇಲ್ಲಿ ಎಲ್ಲೂ ಲಿಫ್ಟ್ ಇಲ್ಲ. ಊಟ ಚೆನ್ನಾಗಿದೆ. ಬೆಡ್‌ಶೀಟ್ ತುಂಬಾ ದೊಡ್ಡದು, ನನಗೆ ಹಿಂಡೋಕೆ ಆಗಲ್ಲ, ಒಂದು ತುದಿ ನಲ್ಲಿಗೆ ಕಟ್ಟಿ ಹಿಂಡುತ್ತೇನೆ.

ಭಾನುವಾರ ಅಮ್ಮ ಬಂದಿದ್ದಳು. ಅಪ್ಪನೂ ಬಂದಿದ್ದ. ನೀನು ಜಡ್ಜಿಗೆ ಹೇಳಿದ್ದಕ್ಕೇ ನಾನು ಇಲ್ಲಿರೋದು ಅಂತ ಅಮ್ಮ ಹೇಳಿದಳು. ಹೌದಾ? ನೀನು ಸುಳ್ಳು ಹೇಳಲ್ಲ ಅಲ್ಲ, ಅದಕ್ಕೇ ನಿನ್ನನ್ನೇ ಕೇಳುತ್ತಿದ್ದೇನೆ.

ಇಂತಿ ನಿನ್ನ ತಮ್ಮ
ಚಿಲ್ಟು


ಆಗಸ್ಟ್ 11

ಚಿಲ್ಟು,

ಹೌದು. ನಾನು ಹೇಳಿದ್ದಕ್ಕೇ.

ಅಮ್ಮ ಕೊಡುತ್ತಿದ್ದ ಕೆಂಪು ಸಿರಪ್ಪು ಕೆಮ್ಮಿಗೆ ಅಲ್ಲ, ನೀನು ಮಲಗಲಿ ಎಂದು. ಅದಕ್ಕೇ ನಿನಗೆ ಕ್ಲಾಸಿನಲ್ಲಿ ತಲೆ ತೂಗುತ್ತಿದ್ದದ್ದು. ಅಪ್ಪ ನಿನ್ನನ್ನು ನಿಲ್ಲಿಸುತ್ತಿದ್ದ ಜಾಗದಲ್ಲಿ ದೊಡ್ಡವರೇ ಸತ್ತಿದ್ದಾರೆ. ನಿನಗೆ ಖುಷಿಯಾಗುತ್ತಿತ್ತು, ಅದು ಬೇರೆ ಮಾತು. ಇವೆರಡನ್ನೂ ನಾನು ಜಡ್ಜಿಗೆ ಹೇಳಿದೆ. ನಿನ್ನನ್ನು ಅತ್ತೆಯ ಮನೆಗೆ ಕಳಿಸಿ ಎಂದು ಹೇಳಲಿಲ್ಲ. ಆದರೆ ಕಳಿಸಿದರು. ಇನ್ನೊಮ್ಮೆ ಕೇಳಿದರೂ ನಾನು ಹೇಳುವುದು ಅದನ್ನೇ.

ಬೆಡ್‌ಶೀಟನ್ನು ಉದ್ದಕ್ಕೆ ಮಡಚಿ ಆಮೇಲೆ ಹಿಂಡು, ಹಗುರ ಆಗುತ್ತದೆ. ನೀನು ನನ್ನ ಮೇಲೆ ಸಿಟ್ಟಾಗಬಹುದು. ಬರೆಯುವುದನ್ನು ಮಾತ್ರ ಬಿಡಬೇಡ.

ಅಕ್ಕ


ಅಕ್ಟೋಬರ್ 4

ಮಗಳೇ,

ನಿನಗೆ ಬರೆಯಬಾರದು ಎಂದುಕೊಂಡಿದ್ದೆ. ನಿಮ್ಮಪ್ಪ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ಹೌದು, ನಿಮ್ಮಪ್ಪ ಹೇಳಿದ್ದಕ್ಕೆ.

ಹುಡುಗನನ್ನು ನೋಡಲು ಭಾನುವಾರ ಇರುವುದು ಒಂದೇ ಬಸ್ಸು. ಮೊದಮೊದಲು ನಾನು ಮುಂದೆ, ಅವರು ಹಿಂದೆ ಕೂರುತ್ತಿದ್ದೆವು. ಒಂದು ದಿನ ಸೀಟಿಲ್ಲದೆ ಪಕ್ಕದಲ್ಲೇ ಕೂರಬೇಕಾಯಿತು. ಮಾತು ಬಂತು. ಏನು ಮಾತು ಎನ್ನುತ್ತೀಯ? ನಿನ್ನದೇ. ನಮ್ಮಿಬ್ಬರಿಗೂ ಒಟ್ಟಿಗೆ ಬೈಯುವುದಕ್ಕೆ ಒಬ್ಬರಾದರೂ ಸಿಕ್ಕಿದ್ದು ಇದೇ ಮೊದಲು. ಹೋಗುವಾಗ ಬೈದೆವು, ಬರುವಾಗ ಬೈದೆವು. ಇಷ್ಟು ವರ್ಷದಲ್ಲಿ ಅವರು ನನ್ನ ಮಾತಿಗೆ ಹೂಂ ಎಂದದ್ದು ಅಷ್ಟು ಸಲ ಇಲ್ಲ. ಹೋದ ತಿಂಗಳು ಅವರು ಪೆಟ್ಟಿಗೆ ತಂದುಕೊಂಡು ಮನೆಗೆ ಬಂದರು. ಬೇರೆಯಾಗುವ ಅರ್ಜಿ ವಾಪಸ್ ತೆಗೆದುಕೊಂಡಿದ್ದೇವೆ.

ಈಗ ಇಬ್ಬರೂ ಸೇರಿ ಮಗುವನ್ನು ಕೇಳುತ್ತಿದ್ದೇವೆ. ನಿನ್ನ ಹೇಳಿಕೆಯೊಂದೇ ಅಡ್ಡ. ವಕೀಲರು ಒಂದು ಕಾಗದ ಟೈಪ್ ಮಾಡಿಸಿದ್ದಾರೆ. ಓದು ಬಿಟ್ಟದ್ದಕ್ಕೆ ಅಪ್ಪ ಅಮ್ಮ ಬೈದರು, ಆ ಸಿಟ್ಟಿಗೆ ಇಲ್ಲದ್ದನ್ನು ಹೇಳಿದೆ ಎಂದು. ನೀನು ಬಂದು ಸಹಿ ಹಾಕು. ನಿನಗೇನೂ ಆಗುವುದಿಲ್ಲ, ಚಿಕ್ಕವಳು ಎಂದು ಬಿಡುತ್ತಾರೆ. ನಿನ್ನ ಮಂಚವನ್ನು ತೆಗೆದಿಲ್ಲ. ಅದರ ಮೇಲೆ ಬಟ್ಟೆ ರಾಶಿ ಇದೆ, ಎತ್ತಿದರೆ ಆಯಿತು.

ಅಮ್ಮ


ಅಕ್ಟೋಬರ್ 9

ಅಮ್ಮಾ,

ನೀವಿಬ್ಬರೂ ಒಂದಾದದ್ದು ನನಗೆ ಸಂತೋಷ. ಯಾವ ಕಾರಣಕ್ಕಾದರೇನು.

ಸಹಿ ಹಾಕುವುದಿಲ್ಲ.

ಆದರೆ ನನ್ನ ಸಹಿ ಯಾಕೆ ಬೇಕು? ಈಗ ಇಬ್ಬರಿದ್ದೀರಿ. ನೀನು ಸಂಜೆ ಪಾಳಿಗೆ ಹೋದರೆ ಅಪ್ಪ ಮನೆಯಲ್ಲಿರುತ್ತಾನೆ, ಸಿರಪ್ಪು ಯಾಕೆ? ಭಾನುವಾರ ಅಪ್ಪ ಕೆಲಸಕ್ಕೆ ಹೋದರೆ ನೀನಿರುತ್ತೀಯ, ಲಿಫ್ಟು ಯಾಕೆ? ಹೌದು ಮಾಡಿದ್ದೆವು, ಇನ್ನು ಮಾಡುವುದಿಲ್ಲ ಎಂದು ಹೇಳಿ. ನಾನು ಕೌನ್ಸೆಲರ್ ಹತ್ತಿರ ಹೋಗಿ ಹೀಗೆ ಹೇಳಿದರೆ ಮಗು ಕೊಡುತ್ತಾರಾ ಎಂದು ಕೇಳಿದೆ. "ಅಷ್ಟು ಹೇಳಿದ್ರೆ ಅರ್ಧ ಕೆಲಸ ಆದ ಹಾಗೇ" ಅಂದರು. ನಿಮ್ಮ ಪಕ್ಕದಲ್ಲಿ ನಿಂತು ನಾನೂ ಹೇಳುತ್ತೇನೆ.

ಅಮ್ಮಾ, ಎರಡು ವಾಕ್ಯ ಅಷ್ಟೇ. ನಿನ್ನದೊಂದು, ಅಪ್ಪನದೊಂದು.

ಮಗಳು


ಅಕ್ಟೋಬರ್ 15

ನಿನ್ನ ಕಾಗದವನ್ನು ವಕೀಲರಿಗೆ ತೋರಿಸಿದೆವು. ಅವರು ನಕ್ಕರು. "ತಪ್ಪು ಒಪ್ಕೊಂಡು ಮಗು ಕೇಳೋಕೆ ಹೋಗ್ತೀರಾ? ಆಮೇಲೆ ಜೀವನಪೂರ್ತಿ ನಿಮ್ಮ ಮನೆ ಬಾಗಿಲಿಗೆ ಬಂದು ತಪಾಸಣೆ ಮಾಡ್ತಾರೆ" ಅಂದರು. ನಿಮ್ಮಮ್ಮ ಕೋರ್ಟಿನ ಮುಂದೆ ಅಂಥ ತಾಯಿ ಎಂದು ತಾನೇ ಹೇಳಿಕೊಂಡು ಆಸ್ಪತ್ರೆಯ ಕೆಲಸದಲ್ಲಿ ತಲೆ ಎತ್ತಿ ನಡೆಯಬೇಕಾ? ನಾನು ಹೌದು ಅಂದರೆ ನನ್ನ ಲಿಫ್ಟ್ ಕೆಲಸದ ಲೈಸೆನ್ಸ್ ಉಳಿಯುತ್ತದಾ?

ಇನ್ನು ನಿನ್ನನ್ನು ಕೇಳುವುದಿಲ್ಲ. ನಮ್ಮ ದಾರಿ ನಾವು ನೋಡಿಕೊಳ್ಳುತ್ತೇವೆ. ಸಮನ್ಸ್ ಬಂದರೆ ಬಾ.

ಈ ಕಾಗದಕ್ಕೆ ಸಹಿ ಮಾಡುವ ಅಗತ್ಯ ಕಾಣುವುದಿಲ್ಲ.


ಡಿಸೆಂಬರ್ 1

ಅತ್ತೆ,

ನಿನ್ನೆ ನೀವು ಕೋರ್ಟಿಗೆ ಬಂದಿದ್ದಿರಿ, ಚಿಲ್ಟುವನ್ನು ಕರೆದುಕೊಂಡು. ಮಾತಾಡಿಸೋಣ ಎಂದು ಓಡಿ ಬಂದೆ, ಅಷ್ಟರಲ್ಲಿ ನಿಮ್ಮ ಬಸ್ಸು ಹೊರಟಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಒಳಗೆ ಏನಾಯಿತು ಎಂದು ನಿಮಗೆ ಗೊತ್ತಿರಬೇಕು. ಸಿರಪ್ಪು ಕುಡಿಸುತ್ತಿದ್ದವಳು ನಾನಂತೆ. ಅಮ್ಮ ಹುಡುಗನನ್ನು ನನ್ನ ಕೈಗೆ ಬಿಟ್ಟು ಪಾಳಿಗೆ ಹೋಗುತ್ತಿದ್ದಳಂತೆ, ನಾನು ಅವನನ್ನು ಮಲಗಿಸಿ ತಿರುಗಲು ಹೋಗುತ್ತಿದ್ದೆನಂತೆ. ಲಿಫ್ಟಿನ ಆಟ ಹುಡುಗನ ತಲೆಗೆ ತುಂಬಿದವಳೂ ನಾನೇ ಅಂತೆ. ಅಮ್ಮ ಹೇಳಿದಳು, ಅಪ್ಪ ಹೇಳಿದ. ಅದು ನನಗೆ ಅಷ್ಟು ತಾಗಲಿಲ್ಲ. ಆಮೇಲೆ ಜಡ್ಜು ಕಾಗದ ನೋಡಿ, "ಮಗುವೂ ಹಾಗೇ ಹೇಳಿದೆ" ಅಂದರು.

ನಾನು ಇಲ್ಲ ಅಂದೆ. ಅವರ ಪ್ರಶ್ನೆಗಳು ಶುರುವಾದವು. ಒಂದಕ್ಕೂ ಅವರು ದನಿ ಏರಿಸಲಿಲ್ಲ.

"ಬಾಟಲಿ ಎಲ್ಲಿರ್ತಿತ್ತು?"

"ಒಲೆ ಮೇಲಿನ ಶೆಲ್ಫಲ್ಲಿ, ಟೀ ಡಬ್ಬದ ಹಿಂದೆ."

"ತರ್ತಿದ್ದವರು ಯಾರು?"

"ಅಮ್ಮ ಚೀಟಿ ಕೊಟ್ರೆ ಒಂದೊಂದ್ಸಲ ನಾನೂ ತರ್ತಿದ್ದೆ."

"ಚಮಚ ತೊಳೀತಿದ್ದವರು?"

"ನಾನು. ಮನೆ ಪಾತ್ರೆಯೆಲ್ಲ ನಾನೇ ತೊಳೆಯೋದು."

"ಅದು ಮಲಗಿಸೋಕೆ ಅಂತ ನಿನಗೆ ಮೊದಲಿಂದ ಗೊತ್ತಿತ್ತಾ?"

"ಗೊತ್ತಿತ್ತು."

"ಸಂಜೆ ಕೆಲಸ ಬಿಟ್ಟು ನೇರ ಮನೆಗೆ ಬರ್ತಿದ್ದೆಯಾ?"

"ಇಲ್ಲ. ನನಗೆ ಮನೇಲಿ ಕೂರೋಕೆ ಆಗಲ್ಲ."

ಪ್ರತಿಯೊಂದು ಉತ್ತರವೂ ನಿಜ ಅತ್ತೆ. ಎಲ್ಲ ಸೇರಿಸಿ ನೋಡಿದರೆ ಕುಡಿಸಿದವಳು ನಾನೇ ಎಂದು ನನಗೇ ಅನ್ನಿಸುವಂತಿತ್ತು. ಪಕ್ಕದಲ್ಲಿ ಅಮ್ಮ ಅಪ್ಪನ ತೋಳು ಹಿಡಿದುಕೊಂಡು ನಿಂತಿದ್ದಳು. ನಾನು ಹಾಗೆ ಅವರನ್ನು ಯಾವತ್ತೂ ನೋಡಿರಲಿಲ್ಲ.

ಆದೇಶ ಹೀಗಿದೆ: ತಂದೆ ತಾಯಿ ಒಂದಾಗಿದ್ದಾರೆ, ಮಗು ಮನೆಗೆ ಹೋಗಲು ಬಯಸುತ್ತದೆ, ಮಗುವಿಗೆ ಅಪಾಯವಾಗಿದ್ದ ವ್ಯಕ್ತಿ ಈಗ ಆ ಮನೆಯಲ್ಲಿಲ್ಲ. ನಾನು ಅವನನ್ನು ಭೇಟಿ ಮಾಡುವಂತಿಲ್ಲ.

ಭಾನುವಾರಗಳಲ್ಲಿ ಅಪ್ಪ ಅಮ್ಮ ಚಿಲ್ಟುವಿನ ಜೊತೆ ಕೂರುತ್ತಿದ್ದದ್ದು ನಿಮ್ಮ ಮನೆಯಲ್ಲಿ. ಅವನಿಗೆ ಅದನ್ನು ಹೇಳಿಕೊಟ್ಟದ್ದು ನಿಮ್ಮ ಕಿವಿಗೆ ಬಿದ್ದಿರಲೇಬೇಕು, ನಿಮ್ಮ ಮನೆಯಲ್ಲಿ ಕುರ್ಚಿ ಕೂಡ ಸದ್ದು ಮಾಡುವುದಿಲ್ಲ. ದಯವಿಟ್ಟು ಕೋರ್ಟಿಗೆ ಹೋಗಿ ಹೇಳಿ.

ನಿಮ್ಮ ಸೊಸೆ


ಡಿಸೆಂಬರ್ 4

ನಾನು ಏನು ಕೇಳಿಸಿಕೊಂಡೆ ಎಂದು ಬರೆಯುವುದಿಲ್ಲ. ಕೋರ್ಟು ನನ್ನನ್ನು ಕೇಳಿದ್ದು ಹುಡುಗನ ಊಟ, ಶಾಲೆ, ಆರೋಗ್ಯದ ವಿಷಯ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೇನೆ.

ನಿನ್ನನ್ನು ನಾನು ನಂಬುತ್ತೇನೆ. ಅದರಿಂದ ನಿನಗೆ ಉಪಯೋಗವಿಲ್ಲ. ನಿಮ್ಮಪ್ಪ ನನ್ನ ತಮ್ಮ. ಹುಡುಗ ಇಲ್ಲಿಗೆ ಬಂದ ಮೇಲೆ ಒಂದು ದಿನವೂ ನಕ್ಕಿಲ್ಲ, ಮೊನ್ನೆ ಮನೆಗೆ ಹೋಗುವ ಸುದ್ದಿ ಕೇಳಿ ನಕ್ಕ. ನನಗೂ ವಯಸ್ಸಾಯಿತು, ಮಗು ಸಾಕುವ ಶಕ್ತಿ ನನಗಿಲ್ಲ.

ಅವನ ಕಾಗದ ಇದರೊಳಗಿದೆ. ಓದಿಯೇ ಕಳಿಸುತ್ತಿದ್ದೇನೆ. ಭಾನುವಾರದ ಬಸ್ಸಿಗೆ ಬಂದು ಅವನನ್ನು ಕರೆದುಕೊಂಡು ಹೋಗುತ್ತಾರೆ. ನೀನು ಏನಾದರೂ ಬರೆಯುವುದಿದ್ದರೆ ಕೂಡಲೇ ಬರೆದು, ಇದನ್ನು ತರುವ ನಿನ್ನ ಪಾರ್ಸೆಲ್ಲಿನವರ ಕೈಯಲ್ಲೇ ಕಳಿಸು, ಅಂಚೆಗೆ ಹಾಕಿದರೆ ತಡವಾಗುತ್ತದೆ.

ನಿನ್ನ ಅತ್ತೆ

(ಒಳಗೆ)

ಅಕ್ಕಾ,

ನಾನು ಮನೆಗೆ ಹೋಗುತ್ತಿದ್ದೇನೆ! ಅಮ್ಮ ಕಲಿಸಿದ್ದನ್ನು ಒಂದೂ ತಪ್ಪಿಲ್ಲದೆ ಹೇಳಿದೆ. ಜಡ್ಜ್ ಎರಡು ಸಲ ಕೇಳಿದರು, ಎರಡು ಸಲವೂ ಹಾಗೇ ಹೇಳಿದೆ. ನಿನಗೆ ಏನೂ ಮಾಡಲ್ಲ ಅಂತ ಅಪ್ಪ ಹೇಳಿದ, ಅದಕ್ಕೇ ಹೇಳಿದೆ. ನಿನಗೆ ಜೈಲಾಗುತ್ತೆ ಅಂದಿದ್ದರೆ ಹೇಳುತ್ತಿರಲಿಲ್ಲ. ಬಹುಶಃ ಹೇಳುತ್ತಿರಲಿಲ್ಲ.

ನೀನು ನಿಜ ಹೇಳಿದ್ದಕ್ಕೆ ನಾನು ಇಲ್ಲಿ ಬಂದೆ. ನಾನು ಸುಳ್ಳು ಹೇಳಿದ್ದಕ್ಕೆ ಮನೆಗೆ ಹೋಗುತ್ತಿದ್ದೇನೆ. ನೀನೇ ಹೇಳು, ಯಾರದು ತಪ್ಪು?

ಚಿಲ್ಟು


ಡಿಸೆಂಬರ್ 5

ಚಿಲ್ಟು,

ಇದನ್ನು ಅತ್ತೆ ಮೊದಲು ಓದುತ್ತಾರೆ. ಓದಲಿ.

ನಿನ್ನ ಕಾಗದ ತೆಗೆದುಕೊಂಡು ಈಗಷ್ಟೇ ಕೌನ್ಸೆಲರ್ ಹತ್ತಿರ ಹೋಗಿ ಬಂದೆ. ಅದನ್ನು ನಿನಗೆ ಮುಚ್ಚಿಡುವುದಿಲ್ಲ. ನೀನು ಮನೆಗೆ ಹೋಗುವುದನ್ನು ತಡೆಯಲಿಕ್ಕೇ ಹೋಗಿದ್ದೆ. ಅವರು ಎರಡು ಸಲ ಓದಿದರು. ಆಮೇಲೆ ನನ್ನನ್ನು ನೋಡಿ, "ಇದನ್ನ ಅವನ ಕೈಲಿ ಯಾರು ಬರೆಸಿದ್ದು?" ಅಂದರು. ಕಾಗದ ವಾಪಸ್ ಕೊಟ್ಟರು. ಆದ್ದರಿಂದ ನೀನು ಹೆದರಬೇಡ, ಭಾನುವಾರ ಹೋಗುತ್ತೀಯ.

ನನಗೆ ನಿನ್ನ ಮೇಲೆ ಸಿಟ್ಟಿದೆ. ಇಲ್ಲ ಎಂದು ಬರೆದರೆ ನಿನಗೆ ಹಿತವಾಗುತ್ತಿತ್ತು. ಇದೆ. ನಿನಗೆ ಎಂಟು ವರ್ಷ ಎಂದು ನನಗೆ ನಾನೇ ಹೇಳಿಕೊಂಡರೂ ಅದು ಇಳಿಯುತ್ತಿಲ್ಲ. ಯಾರದು ತಪ್ಪು ಎಂದು ಕೇಳಿದ್ದೀಯ. ಇನ್ನು ಮೇಲೆ ಆ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ, ಯಾರು ಕೇಳಿದರೂ.

ಈಗ ಕೆಲಸದ ಮಾತು, ಗಮನವಿಟ್ಟು ಓದು. ಅಪ್ಪ ಲಿಫ್ಟಿನ ಮೇಲೆ ನಿಲ್ಲಿಸಲು ಕರೆದರೆ ಹೊಟ್ಟೆನೋವು ಅನ್ನು. ನಂಬುತ್ತಾನೆ, ಸುಳ್ಳು ನಿನಗೆ ಚೆನ್ನಾಗಿ ಬರುತ್ತದೆ. ಅಪ್ಪ ಸಂಜೆ ಮನೆಯಲ್ಲಿರುತ್ತೇನೆ ಎಂದಿರಬಹುದು. ಲಿಫ್ಟುಗಳು ಕೆಡುವುದು ಸಂಜೆಯೇ, ಎಲ್ಲರೂ ಮನೆಗೆ ಬರುವ ಹೊತ್ತಿಗೆ. ಫೋನ್ ಬಂದರೆ ಅವನು ಹೋಗುತ್ತಾನೆ. ಆಗ ಅಮ್ಮ ಮತ್ತೆ ಸಿರಪ್ಪಿನ ಬಾಟಲಿ ತೆಗೆಯುತ್ತಾಳೆ.

ಬೇಡ ಎಂದು ಹಟ ಮಾಡಬೇಡ. ಅವಳಿಗೆ ಸುಸ್ತಾಗಿರುತ್ತದೆ, ಮೂಗು ಹಿಡಿದು ಕುಡಿಸುತ್ತಾಳೆ. ಸುಮ್ಮನೆ ಬಾಯಿ ತೆರೆ. ಹುಯ್ಯಿಸಿಕೊಂಡು ದವಡೆಯ ಒಳಗೆ ಒಂದು ಕಡೆ ಇಟ್ಟುಕೋ, ಗಂಟಲಿಗೆ ಬಿಡಬೇಡ. ನುಂಗಿದ್ಯಾ ಅಂದರೆ ತಲೆ ಆಡಿಸು. ಬಾಗಿಲಿನ ಬೀಗದ ಸದ್ದಾಗುವ ತನಕ ಕಾಯಿ. ಆಮೇಲೆ ಸಿಂಕಿನಲ್ಲಿ ಉಗಿದು ನಲ್ಲಿ ಬಿಡು, ಕೆಂಪು ಕಾಣಬಾರದು. ಗ್ಯಾಸ್ ಮುಟ್ಟಬೇಡ, ಬಾಲ್ಕನಿಗೆ ಹೋಗಬೇಡ. ಅಮ್ಮ ಬಂದಾಗ ಕಣ್ಣು ಮುಚ್ಚಿ ಮಲಗಿರು, ಉಸಿರು ನಿಧಾನ ಬಿಡು.

ಭಾನುವಾರದ ಒಳಗೆ ಇದು ನಿನಗೆ ಬರಬೇಕು. ಈಗಲೇ ಒಂದು ಚಮಚ ನೀರು ಬಾಯಿಗೆ ಹಾಕಿಕೊಂಡು ಶುರು ಮಾಡು. ನಡುವೆ ಅತ್ತೆ ಏನಾದರೂ ಕೇಳಿದರೆ ಉತ್ತರ ಕೊಡಬೇಡ, ನುಂಗಿಬಿಡುತ್ತೀಯ.

ಅಕ್ಕ